ಒಕ್ಕಣೆಯ ಯಂತ್ರದ ಅಪಾಯಗಳೂ ಗಾಯಾಳುಗಳಿಗೆ ಸಲ್ಲಬೇಕಾದ ಪರಿಹಾರವೂ

ಸುಗ್ಗಿಯು ರೈತನ ವರ್ಷದ ದುಡಿಮೆಗೆ ಫಲ ಬರುವ ಕಾಲ. ಹಿಂದೆ ಕಣದ ನಡುವೆ ಮೇಟಿಯನ್ನು ನಿಲ್ಲಿಸಿ, ಎತ್ತುಗಳನ್ನು ಕಟ್ಟಿ ತುಳಿಸಿ ಅಥವಾ ರೋಣಗಲ್ಲನ್ನು ಎಳೆಸಿ ರಾಗಿ, ಭತ್ತ, ಜೋಳಗಳನ್ನು ಒಕ್ಕುತ್ತಿದ್ದರು. ಕೆಲಸವು ನಿಧಾನವಾಗಿತ್ತು, ಆದರೆ ಕೈಕಾಲುಗಳಿಗೆ ಬರುವ ಅಪಾಯವೂ ಅಲ್ಪವಾಗಿತ್ತು. ಈಗ ಹಲವು ದಿನಗಳ ಕೆಲಸವನ್ನು ಯಂತ್ರವು ಕೆಲವು ಗಂಟೆಗಳಲ್ಲಿ ಮುಗಿಸುತ್ತದೆ. ಆಳುಗಳು ದೊರೆಯುವುದು ಕಷ್ಟವಾಗಿರುವ ಈ ಕಾಲದಲ್ಲಿ ಯಂತ್ರವಿಲ್ಲದೆ ಬೇಸಾಯವು ಸಾಗದು. ಆದರೆ ಎತ್ತು ಮನುಷ್ಯನ ಕೂಗನ್ನು ಕೇಳಿ ನಿಲ್ಲುತ್ತದೆ, ಯಂತ್ರವು ನಿಲ್ಲುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಮರೆತುದರಿಂದ ಅನೇಕ ಸಂಸಾರಗಳು ದುಡಿಯುವ ಕೈಯನ್ನು ಕಳೆದುಕೊಂಡಿವೆ.

ಇಂಥ ಅಪಘಾತವಾದಾಗ ಹಳ್ಳಿಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ನಾಲ್ಕು ದಿನಗಳಾದ ಮೇಲೆ ಊರಿನ ಹಿರಿಯರು ಸೇರುತ್ತಾರೆ. “ಆದದ್ದಾಯಿತು, ಅವನ ಹಣೆಬರಹ, ಯಜಮಾನರು ಏನಾದರೂ ಕೊಟ್ಟು ಮುಗಿಸಲಿ” ಎಂದು ತೀರ್ಮಾನಿಸಿ, ಒಂದಿಷ್ಟು ಹಣವನ್ನು ಕೊಡಿಸಿ, ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸುತ್ತಾರೆ. ಹಿರಿಯರ ಉದ್ದೇಶವು ಒಳ್ಳೆಯದೇ ಇರಬಹುದು. ಆದರೆ ಕೈ ಕಳೆದುಕೊಂಡವನಿಗೆ ಎಷ್ಟು ಹಣ ಸಲ್ಲಬೇಕೆಂಬುದನ್ನು ಕಾನೂನು ಒಂದು ಲೆಕ್ಕದಿಂದ ಗೊತ್ತುಮಾಡಿದೆ. ಆ ಲೆಕ್ಕವನ್ನು ಅರಿಯದೆ ಮಾಡಿದ ರಾಜಿಯಿಂದ ಆಳಿಗೆ ಅನ್ಯಾಯವಾಗುತ್ತದೆ. ಮಾಲೀಕನಿಗೂ ರಕ್ಷಣೆ ದೊರೆಯುವುದಿಲ್ಲ. ಆದ ಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಚೆನ್ನಾಗಿ ತಿಳಿದಿರುವುದು ಅವಶ್ಯಕ.

1. ಅಪಾಯವು ಸಂಭವಿಸುವ ಬಗೆ

ಒಕ್ಕಣೆಯ ಯಂತ್ರದಲ್ಲಿ ಅಪಾಯದ ಸ್ಥಳಗಳು ಮುಖ್ಯವಾಗಿ ಮೂರು.

ಮೊದಲನೆಯದು ತೆನೆಯನ್ನು ಊಡಿಸುವ ಬಾಯಿ. ಒಳಗೆ ಮೊಳೆಗಳುಳ್ಳ ಉರುಳೆಯು ವೇಗವಾಗಿ ತಿರುಗುತ್ತಿರುತ್ತದೆ. ಹಸಿ ಹುಲ್ಲು ಅಥವಾ ಗಿಡ್ಡ ತೆನೆ ಬಾಯಲ್ಲಿ ಸಿಕ್ಕಿಕೊಂಡಾಗ ಆಳು ಅದನ್ನು ಕೈಯಿಂದ ಒಳಕ್ಕೆ ನೂಕುತ್ತಾನೆ. ಉರುಳೆಯು ಹುಲ್ಲನ್ನು ಹಿಡಿದ ಕ್ಷಣದಲ್ಲಿಯೇ ಹುಲ್ಲಿನೊಡನೆ ಕೈಯೂ ಒಳಕ್ಕೆ ಹೋಗುತ್ತದೆ. ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ಅವನಿಗೆ ಕಾಲಾವಕಾಶವೇ ಇರುವುದಿಲ್ಲ. ಮೇವು ಕತ್ತರಿಸುವ ಯಂತ್ರದಲ್ಲಿಯೂ ಕಬ್ಬಿನ ಗಾಣದಲ್ಲಿಯೂ ಅಪಾಯದ ರೀತಿ ಇದೇ.

ಎರಡನೆಯದು ಟ್ರಾಕ್ಟರಿನ ಹಿಂಬದಿಯಿಂದ ಯಂತ್ರಕ್ಕೆ ಶಕ್ತಿಯನ್ನು ಒಯ್ಯುವ ದಂಡ. ಇದು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಹೆಗಲಿನ ಟವಲು, ಪಂಚೆಯ ಅಂಚು, ಸೀರೆಯ ಸೆರಗು ಅಥವಾ ಬಿಚ್ಚಿದ ಜಡೆ ಇದಕ್ಕೆ ತಗಲಿದರೆ ಕಣ್ಣು ಮಿಟುಕಿಸುವುದರೊಳಗೆ ಸುತ್ತಿಕೊಂಡು ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ದಂಡದ ಮೇಲಿನ ಕೊಳವೆಯಾಕಾರದ ಮುಚ್ಚಳವು ಮುರಿದರೆ ಅದನ್ನು ಕಿತ್ತೆಸೆದು, ಹೊಸದನ್ನು ಹಾಕದೆ ಕೆಲಸ ಸಾಗಿಸುವುದು ಅನೇಕ ಕಡೆಗಳಲ್ಲಿ ವಾಡಿಕೆಯಾಗಿದೆ. ದಂಡವನ್ನು ದಾಟಿ ಆಚೆಗೆ ಹೋಗುವ ಅಭ್ಯಾಸವಂತೂ ಪ್ರಾಣಕ್ಕೇ ಸಂಚಕಾರ.

ಮೂರನೆಯದು ಬೆಲ್ಟು ಮತ್ತು ಚಕ್ರಗಳು. ಓಡುತ್ತಿರುವ ಬೆಲ್ಟಿಗೆ ಎಣ್ಣೆ ಅಥವಾ ಅಂಟು ಹಚ್ಚಲು ಹೋಗಿ ಬೆರಳುಗಳನ್ನು ಕಳೆದುಕೊಂಡವರುಂಟು.

ಇವುಗಳೊಡನೆ ಕಾಲದ ದೋಷವೂ ಸೇರುತ್ತದೆ. ಬಾಡಿಗೆಯ ಯಂತ್ರವು ಮರುದಿನ ಬೇರೆ ಊರಿಗೆ ಹೋಗಬೇಕೆಂಬ ಆತುರದಿಂದ ರಾತ್ರಿಯೆಲ್ಲ ಕೆಲಸ ನಡೆಸುತ್ತಾರೆ. ದಣಿದ ಆಳು, ಮಂಕು ಬೆಳಕು, ಧೂಳು, ನಿದ್ರೆ ಇವೆಲ್ಲ ಒಟ್ಟುಗೂಡಿದಾಗ ಅಪಘಾತವು ಆಶ್ಚರ್ಯದ ವಿಷಯವಲ್ಲ.

2. ಮುಂಜಾಗ್ರತೆಯ ಕ್ರಮಗಳು

ಯಂತ್ರವನ್ನು ಕೊಳ್ಳುವಾಗಲೂ ಬಾಡಿಗೆಗೆ ಹಿಡಿಯುವಾಗಲೂ ಮೊದಲು ನೋಡತಕ್ಕದ್ದು ಊಡಿಸುವ ದೋಣಿ. ಭಾರತೀಯ ಮಾನಕ ಸಂಸ್ಥೆಯ ಸುರಕ್ಷತಾ ನಿಯಮದಂತೆ ಈ ದೋಣಿಯ ಒಟ್ಟು ಉದ್ದವು 90 ಸೆಂಟಿಮೀಟರಿಗೆ ಕಡಿಮೆಯಿರಕೂಡದು. ಅದರಲ್ಲಿ ಉರುಳೆಯ ಕಡೆಯ 45 ಸೆಂಟಿಮೀಟರು ಮೇಲೆ ಮುಚ್ಚಿರಬೇಕು. ಹಳ್ಳಿಯ ಅಳತೆಯಲ್ಲಿ ಹೇಳುವುದಾದರೆ ದೋಣಿಯು ಸುಮಾರು ಎರಡು ಮೊಳ ಉದ್ದವಿದ್ದು ಒಂದು ಮೊಳ ಮುಚ್ಚಿರಬೇಕು. ಮೊಳವೆಂಬುದು ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಯಾದ್ದರಿಂದ, ಮುಚ್ಚಳವು ಸರಿಯಾಗಿದ್ದರೆ ಆಳಿನ ಕೈ ಉರುಳೆಯನ್ನು ಮುಟ್ಟುವುದು ಸುಲಭವಲ್ಲ. ಈ ಮುಚ್ಚಳವನ್ನು “ಕೆಲಸ ಬೇಗ ಸಾಗುವುದಿಲ್ಲ” ಎಂಬ ನೆಪದಿಂದ ಕತ್ತರಿಸಿ ತೆಗೆದಿರುವ ಯಂತ್ರವನ್ನು ಕಣಕ್ಕೆ ಬಿಟ್ಟುಕೊಳ್ಳಬಾರದು.

ಉಳಿದ ಕ್ರಮಗಳು ಇವು:

(ಅ) ಸಿಕ್ಕಿಕೊಂಡ ಹುಲ್ಲನ್ನು ಯಂತ್ರ ನಿಲ್ಲಿಸಿಯೇ ತೆಗೆಯಬೇಕು. ಟ್ರಾಕ್ಟರಿನ ಎಂಜಿನನ್ನು ಆರಿಸಿ, ಉರುಳೆಯು ಪೂರ್ಣವಾಗಿ ನಿಂತುದನ್ನು ಕಣ್ಣಿನಿಂದ ನೋಡಿದ ಮೇಲೆ ಕೈ ಹಾಕತಕ್ಕದ್ದು.

(ಆ) ಊಡಿಸುವವನು ಕೈಗೆ ಬಳೆ, ಕಡಗ, ದಾರ, ಗಡಿಯಾರಗಳನ್ನು ಧರಿಸಿರಬಾರದು. ಹೆಂಗಸರು ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಕೂದಲನ್ನು ಮೇಲಕ್ಕೆ ಕಟ್ಟಿರಬೇಕು.

(ಇ) ಊಡಿಸುವವನು ನಿಲ್ಲುವ ಸ್ಥಳ ಸಮವಾಗಿರಬೇಕು. ಮೂಟೆಯ ಮೇಲೆಯೋ ಅಲ್ಲಾಡುವ ಹಲಗೆಯ ಮೇಲೆಯೋ ನಿಂತವನು ಮುಗ್ಗರಿಸಿದರೆ ಬೀಳುವುದು ಯಂತ್ರದ ಬಾಯಿಗೆ.

(ಈ) ಒಬ್ಬನೇ ದಿನವೆಲ್ಲ ಊಡಿಸದಂತೆ ಗಂಟೆ ಎರಡು ಗಂಟೆಗೊಮ್ಮೆ ಆಳನ್ನು ಬದಲಾಯಿಸಬೇಕು. ಮದ್ಯಪಾನ ಮಾಡಿದವನನ್ನು ಯಂತ್ರದ ಹತ್ತಿರ ಬಿಡಬಾರದು. ಮಕ್ಕಳನ್ನು ಕಣದೊಳಗೇ ಸೇರಿಸಬಾರದು.

(ಉ) ವಿದ್ಯುತ್ ಮೋಟಾರಿನಿಂದ ನಡೆಯುವ ಯಂತ್ರವಾದರೆ ಅದಕ್ಕೆ ಸರಿಯಾದ ಭೂಸಂಪರ್ಕವಿರಬೇಕು. ತೇಪೆ ಹಾಕಿದ ತಂತಿಯನ್ನು ಹಸಿ ನೆಲದ ಮೇಲೆ ಎಳೆಯಕೂಡದು.

3. ಗಾಯವಾದೊಡನೆ ಮಾಡತಕ್ಕದ್ದು

ಮೊದಲು ಯಂತ್ರವನ್ನು ನಿಲ್ಲಿಸಬೇಕು. ಸಿಕ್ಕಿದ ಕೈಯನ್ನು ಬಲವಂತದಿಂದ ಎಳೆಯದೆ, ಉರುಳೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಅಥವಾ ಯಂತ್ರದ ಭಾಗಗಳನ್ನು ಬಿಚ್ಚಿ ಬಿಡಿಸಬೇಕು. ರಕ್ತ ಸುರಿಯುವ ಜಾಗದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಬಿಗಿಯಾಗಿ ಒತ್ತಿ ಹಿಡಿದು, ಕೈಯನ್ನು ಮೇಲಕ್ಕೆತ್ತಿರಬೇಕು. ಗಾಯಕ್ಕೆ ಸುಣ್ಣ, ಅರಿಸಿನ, ಕಾಫಿಪುಡಿ, ಸಗಣಿಗಳನ್ನು ಹಚ್ಚಕೂಡದು.

ಬೆರಳು ಅಥವಾ ಕೈ ತುಂಡಾಗಿ ಬಿದ್ದಿದ್ದರೆ ಅದನ್ನು ಬಿಸಾಡಬಾರದು. ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ಸೋರದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯಿರುವ ಇನ್ನೊಂದು ಪಾತ್ರೆಯಲ್ಲಿಟ್ಟು ಗಾಯಾಳುವಿನೊಡನೆ ಕಳುಹಿಸಬೇಕು. ಮಂಜುಗಡ್ಡೆಯು ನೇರವಾಗಿ ಮಾಂಸಕ್ಕೆ ತಗಲಬಾರದು. ಬೇಗ ತಲುಪಿಸಿದರೆ ತಜ್ಞ ವೈದ್ಯರು ಅದನ್ನು ಮರಳಿ ಜೋಡಿಸುವ ಸಂಭವವುಂಟು. 108 ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸು ಬರುತ್ತದೆ. ಪ್ರಾಣಾಪಾಯದಲ್ಲಿರುವವನಿಗೆ ಪೋಲೀಸಿನ ಕಾಗದಕ್ಕಾಗಿ ಕಾಯದೆ ಮೊದಲು ಚಿಕಿತ್ಸೆ ಕೊಡುವುದು ಸರ್ಕಾರದ ಮತ್ತು ಖಾಸಗಿ ವೈದ್ಯರಿಬ್ಬರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ತೀರ್ಪಿತ್ತಿದೆ.

ಆಸ್ಪತ್ರೆಯಲ್ಲಿ ವೈದ್ಯರಿಗೆ ನಡೆದುದನ್ನು ನಡೆದಂತೆಯೇ ಹೇಳಬೇಕು. ಮಾಲೀಕನಿಗೆ ತೊಂದರೆಯಾದೀತೆಂದು “ಮನೆಯಲ್ಲಿ ಬಿದ್ದು ಗಾಯವಾಯಿತು” ಎಂದು ಬರೆಸುವುದು ಗಾಯಾಳುವಿನ ಹಕ್ಕನ್ನು ಮೂಲದಲ್ಲಿಯೇ ಕತ್ತರಿಸಿದಂತೆ. ಮುಂದೆ ಪರಿಹಾರ ಕೇಳುವಾಗ ವೈದ್ಯರ ಮೊದಲ ಬರವಣಿಗೆಯೇ ಬಲವಾದ ಸಾಕ್ಷಿ. ಮರಣವಾದರೆ ಪೋಲೀಸರಿಗೆ ತಿಳಿಸಿ, ಪಂಚನಾಮೆಯೂ ಮರಣೋತ್ತರ ಪರೀಕ್ಷೆಯೂ ಆಗುವವರೆಗೆ ಅಂತ್ಯಕ್ರಿಯೆ ನಡೆಸಕೂಡದು. ಅವಸರದಿಂದ ದಹನ ಮಾಡಿ, ಆಮೇಲೆ ವಿಮೆಯೂ ಪರಿಹಾರವೂ ಇಲ್ಲದೆ ಪರಿತಪಿಸುವ ಸಂಸಾರಗಳುಂಟು.

4. ಪರಿಹಾರದ ಕಾನೂನು

ಕೆಲಸದಲ್ಲಿ ಗಾಯಗೊಂಡ ಆಳಿಗೆ ಮಾಲೀಕನು ಪರಿಹಾರ ಕೊಡಬೇಕೆಂಬ ಕಾನೂನು ಹೊಸದಲ್ಲ. 1923ರ ಕಾರ್ಮಿಕರ ಪರಿಹಾರದ ಕಾಯಿದೆಯು 1924ನೆಯ ಜುಲೈ 1ರಿಂದ ಜಾರಿಗೆ ಬಂದಿತು. ಈಗ ಅದರ ವಿಧಿಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಈ ಸಂಹಿತೆಯು 2025ನೆಯ ನವೆಂಬರ್ 21ರಿಂದ ಜಾರಿಯಲ್ಲಿದೆ. ಇದು ಕಾರ್ಖಾನೆಗಳಿಗೆ ಮಾತ್ರ ಸೇರಿದುದೆಂದು ಅನೇಕರು ಭಾವಿಸಿದ್ದಾರೆ. ಇದು ತಪ್ಪು. ಟ್ರಾಕ್ಟರು ಅಥವಾ ವಿದ್ಯುತ್ತು, ಯಂತ್ರಶಕ್ತಿಗಳಿಂದ ನಡೆಯುವ ಸಾಧನಗಳ ಮೂಲಕ ಮಾಡುವ ಬೇಸಾಯದಲ್ಲಿ ಕೂಲಿಗೆ ನಿಂತವರೂ ಇದರ ವ್ಯಾಪ್ತಿಗೆ ಬರುತ್ತಾರೆ.

ಈ ಕಾನೂನಿನ ಮುಖ್ಯ ಲಕ್ಷಣವೇನೆಂದರೆ ಮಾಲೀಕನ ತಪ್ಪನ್ನು ಆಳು ರುಜುವಾತು ಮಾಡಬೇಕಾದುದಿಲ್ಲ. ಗಾಯವು ಕೆಲಸದಿಂದ, ಕೆಲಸದ ವೇಳೆಯಲ್ಲಿ ಆಯಿತೆಂದು ತೋರಿಸಿದರೆ ಸಾಕು. ಆಳಿನ ಸಾಮಾನ್ಯ ಅಜಾಗರೂಕತೆಯು ಪರಿಹಾರಕ್ಕೆ ಅಡ್ಡಿಯಲ್ಲ. ಕುಡಿದಿದ್ದರೆ, ಸ್ಪಷ್ಟವಾದ ಸುರಕ್ಷತಾ ಆಜ್ಞೆಯನ್ನು ಬೇಕೆಂದೇ ಮೀರಿದರೆ ಅಥವಾ ರಕ್ಷಣೆಯ ಮುಚ್ಚಳವನ್ನು ಆಳೇ ಬೇಕೆಂದು ಕಿತ್ತಿದ್ದರೆ ಮಾಲೀಕನಿಗೆ ವಿನಾಯಿತಿಯುಂಟು. ಆದರೆ ಮರಣ ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯ ಸಂಭವಿಸಿದಾಗ ಈ ವಿನಾಯಿತಿಯೂ ಇಲ್ಲ. ಮುಚ್ಚಳವನ್ನು ತೆಗೆಸಿದವನು ಮಾಲೀಕನೇ ಆಗಿದ್ದರೆ ಈ ಮಾತನ್ನು ಎತ್ತುವಂತೆಯೇ ಇಲ್ಲ.

“ಯಂತ್ರ ನನ್ನದಲ್ಲ, ಬಾಡಿಗೆಯವನದು, ಆಳುಗಳೂ ಅವನವರು” ಎಂದು ಜಮೀನುದಾರರು ಹೇಳುವುದುಂಟು. ತನ್ನ ಕಸುಬಿಗೆ ಸೇರಿದ ಕೆಲಸವನ್ನು ತನ್ನ ಸ್ಥಳದಲ್ಲಿ ಕಂಟ್ರಾಕ್ಟುದಾರನ ಮೂಲಕ ಮಾಡಿಸಿದವನಿಂದಲೂ ಪರಿಹಾರ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಅವನು ಕೊಟ್ಟುದನ್ನು ಕಂಟ್ರಾಕ್ಟುದಾರನಿಂದ ವಸೂಲು ಮಾಡಿಕೊಳ್ಳಬಹುದು. ಆದ್ದರಿಂದ ಬಾಡಿಗೆ ಮಾತನಾಡುವಾಗಲೇ ಯಂತ್ರದ ಸ್ಥಿತಿಯನ್ನೂ ಆಳುಗಳಿಗೆ ವಿಮೆಯಿದೆಯೇ ಎಂಬುದನ್ನೂ ವಿಚಾರಿಸುವುದು ವಿವೇಕ.

ಕೂಲಿಯಿಲ್ಲದೆ ಮುಯ್ಯಾಳಾಗಿ ಬಂದ ನೆರೆಯವನ ವಿಷಯ ಬೇರೆ. ಅವನು ಕೂಲಿಯ ಆಳಲ್ಲವಾದ್ದರಿಂದ ಈ ಕಾನೂನಿನ ಲಾಭ ಅವನಿಗೆ ಸಾಮಾನ್ಯವಾಗಿ ದೊರೆಯದು. ಮಾಲೀಕನ ಅಲಕ್ಷ್ಯದಿಂದ ಗಾಯವಾಗಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ನಷ್ಟ ತುಂಬಿಕೊಡಬೇಕೆಂದು ಕೇಳಬಹುದು. ಆದರೆ ಅಲ್ಲಿ ಅಲಕ್ಷ್ಯವನ್ನು ಸಾಬೀತುಪಡಿಸಬೇಕಾಗುತ್ತದೆ. ಮುಯ್ಯಾಳುಗಳಿಗೆ ವಿಮೆಯೇ ಹೆಚ್ಚಿನ ಆಧಾರ.

ಇದಲ್ಲದೆ, 1983ರ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಕಾಯಿದೆಯನ್ನು ಮುಖ್ಯವಾಗಿ ಒಕ್ಕಣೆಯ ಯಂತ್ರಗಳನ್ನು ಉದ್ದೇಶಿಸಿಯೇ ಮಾಡಲಾಯಿತು. ಯಂತ್ರವನ್ನು ತಯಾರಿಸುವವರ ಮತ್ತು ಮಾರುವವರ ಮೇಲೆ ಸುರಕ್ಷತೆಯ ಹೊಣೆಯನ್ನು ಅದು ಹೊರಿಸುತ್ತದೆ. ಕೊಂಡ ರಸೀದಿಯನ್ನೂ ಯಂತ್ರದ ಮೇಲಿನ ಫಲಕವನ್ನೂ ಕಾಪಾಡಿಕೊಳ್ಳುವುದು ಈ ಕಾರಣದಿಂದ ಅಗತ್ಯ.

5. ಪರಿಹಾರದ ಲೆಕ್ಕ

ಲೆಕ್ಕಕ್ಕೆ ಮೂರು ಅಂಶಗಳು ಬೇಕು: ತಿಂಗಳ ಕೂಲಿ, ವಯಸ್ಸಿಗೆ ತಕ್ಕ ಗುಣಕ, ದುಡಿಯುವ ಶಕ್ತಿಯಲ್ಲಿ ಆದ ನಷ್ಟದ ಶೇಕಡಾವಾರು. ಗುಣಕವು 20 ವರ್ಷಕ್ಕೆ 224.00, 30 ವರ್ಷಕ್ಕೆ 207.98, 40 ವರ್ಷಕ್ಕೆ 184.17, 50 ವರ್ಷಕ್ಕೆ 153.09 ಆಗಿರುತ್ತದೆ. ನಷ್ಟದ ಪ್ರಮಾಣವು ಕೋಷ್ಟಕದಂತೆ ಹೆಬ್ಬೆರಳು ಹೋದರೆ ಶೇಕಡಾ 30, ಒಂದು ಕೈಯ ನಾಲ್ಕು ಬೆರಳುಗಳು ಹೋದರೆ 50, ಇಡೀ ಹಸ್ತ ಹೋದರೆ 60, ಮತ್ತೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ 40.

ಉದಾಹರಣೆಗೆ, ತಿಂಗಳಿಗೆ 12,000 ರೂಪಾಯಿ ಕೂಲಿಯುಳ್ಳ 30 ವರ್ಷದ ಆಳು ಹಸ್ತವನ್ನು ಕಳೆದುಕೊಂಡನೆಂದು ಭಾವಿಸಬಹುದು. ಕೂಲಿಯ ಶೇಕಡಾ 60 ಎಂದರೆ 7,200 ರೂ. ಇದನ್ನು 207.98ರಿಂದ ಗುಣಿಸಿದರೆ 14,97,456 ರೂ. ಇದರಲ್ಲಿ ಶೇಕಡಾ 60, ಅಂದರೆ ಸುಮಾರು 8,98,473 ರೂ. ಅವನಿಗೆ ಸಲ್ಲತಕ್ಕ ಮೊತ್ತ. ಅದೇ ಆಳು ಮರಣ ಹೊಂದಿದ್ದರೆ ಕೂಲಿಯ ಶೇಕಡಾ 50ರಂತೆ 6,000 ರೂ.ಗಳನ್ನು 207.98ರಿಂದ ಗುಣಿಸಿ 12,47,880 ರೂ. ಅವನ ಅವಲಂಬಿತರಿಗೆ ಸಲ್ಲುತ್ತದೆ. ಚಿಕಿತ್ಸೆಯ ನಿಜವಾದ ಖರ್ಚು ಇದರ ಹೊರತಾಗಿ ಮಾಲೀಕನದೇ. ಕೆಲವು ಕಾಲ ಮಾತ್ರ ಕೆಲಸ ಮಾಡಲಾಗದಿದ್ದರೆ ಪ್ರತಿ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇಕಡಾ 25 ಸಲ್ಲಬೇಕು.

ಹಣವು ಸಲ್ಲತಕ್ಕ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12ರಂತೆ ಬಡ್ಡಿಯೂ, ತಡಕ್ಕೆ ತಕ್ಕ ಕಾರಣವಿಲ್ಲದಿದ್ದರೆ ಮೂಲ ಹಣದ ಅರ್ಧದವರೆಗೆ ದಂಡವೂ ಬೀಳಬಹುದು.

6. ಊರಿನ ರಾಜಿಯ ಬೆಲೆ

ಮೇಲಿನ ಲೆಕ್ಕವನ್ನು ನೋಡಿದ ಮೇಲೆ, ಹತ್ತಿಪ್ಪತ್ತು ಸಾವಿರ ರೂಪಾಯಿಗಳಿಗೆ ಹೆಬ್ಬೆಟ್ಟು ಒತ್ತಿಸುವುದರ ಅರ್ಥವು ತಾನೇ ತಿಳಿಯುತ್ತದೆ. ಈ ವಿಷಯದಲ್ಲಿ ಮುಖಂಡರು ನಾಲ್ಕು ಸಂಗತಿಗಳನ್ನು ಮರೆಯಬಾರದು.

ಒಂದನೆಯದಾಗಿ, “ಮುಂದೆ ಏನನ್ನೂ ಕೇಳುವುದಿಲ್ಲ” ಎಂದು ಆಳು ಬರೆದುಕೊಟ್ಟ ಕರಾರು ಅವನ ಹಕ್ಕನ್ನು ಕಳೆಯುವ ಮಟ್ಟಿಗೆ ಅಸಿಂಧು. ಎರಡನೆಯದಾಗಿ, ಮರಣದ ಪರಿಹಾರವನ್ನು ಸಂಬಂಧಪಟ್ಟ ಅಧಿಕಾರಿಯಲ್ಲಿ ಠೇವಣಿ ಇಡಬೇಕು. ವಿಧವೆಯ ಕೈಗೆ ನೇರವಾಗಿ ಕೊಟ್ಟ ಹಣವು ಪರಿಹಾರವೆಂದು ಎಣಿಕೆಯಾಗುವುದಿಲ್ಲ. ತುರ್ತು ಖರ್ಚಿಗೆಂದು ಮೂರು ತಿಂಗಳ ಕೂಲಿಯಷ್ಟನ್ನು ಮುಂಗಡವಾಗಿ ಕೊಡಬಹುದು. ಅದಕ್ಕೆ ರಸೀದಿ ಪಡೆದಿರಬೇಕು. ಮೂರನೆಯದಾಗಿ, ಪರಿಹಾರದ ಹಣವನ್ನು ಆಳಿನ ಹಳೆಯ ಸಾಲಕ್ಕೆ ವಜಾ ಹಾಕಿಕೊಳ್ಳುವಂತಿಲ್ಲ. ನಾಲ್ಕನೆಯದಾಗಿ, ಅಲಕ್ಷ್ಯದಿಂದ ಮರಣವಾದರೆ ಅದು ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ. ಇದನ್ನು ಊರಿನ ಕಟ್ಟೆಯ ಮೇಲೆ ಮುಚ್ಚಿಹಾಕುವ ಅಧಿಕಾರ ಯಾರಿಗೂ ಇಲ್ಲ.

ಆದ್ದರಿಂದ ಇಂಥ ರಾಜಿಯು ಮಾಲೀಕನಿಗೂ ಕ್ಷೇಮವಲ್ಲ. ಹಣ ಕೊಟ್ಟ ಮೇಲೆಯೂ ಅವನ ಮೇಲೆ ದಾವೆ ಬರಬಹುದು.

7. ರಸ್ತೆಯ ಮೇಲಿನ ಒಕ್ಕಣೆ

ಕಣ ಮಾಡುವ ಶ್ರಮವನ್ನು ತಪ್ಪಿಸಲು ರಾಗಿ, ಹುರುಳಿ, ಜೋಳಗಳ ಹೊರೆಯನ್ನು ಡಾಂಬರು ರಸ್ತೆಯ ಮೇಲೆ ಹರವಿ, ಹೋಗಿಬರುವ ವಾಹನಗಳಿಂದ ತುಳಿಸುವ ದುರಭ್ಯಾಸವು ನಮ್ಮ ಸೀಮೆಯ ಅನೇಕ ಕಡೆ ಬೇರೂರಿದೆ. ಹುಲ್ಲಿನ ಮೇಲೆ ಮೋಟಾರು ಸೈಕಲ್ಲು ಜಾರಿ ಬೀಳುತ್ತದೆ. ಹುರುಳಿಯ ಬಳ್ಳಿ ಗಾಲಿಯ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಕಾರಿನ ಅಡಿಭಾಗದ ಕಾವಿಗೆ ಒಣಹುಲ್ಲು ಹೊತ್ತಿಕೊಳ್ಳುತ್ತದೆ. ಸಾರ್ವಜನಿಕ ದಾರಿಯಲ್ಲಿ ಹೀಗೆ ಅಪಾಯವನ್ನುಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಂತೆ ಜುಲ್ಮಾನೆಗೆ ಗುರಿಯಾಗುವ ಅಪರಾಧ. ಗಾಯಗೊಂಡವರು ಹೊರೆ ಹರವಿದವನಿಂದ ನಷ್ಟ ಪರಿಹಾರವನ್ನೂ ಕೇಳಬಹುದು. ಧಾನ್ಯದಲ್ಲಿ ಕಲ್ಲು ಮಣ್ಣು ಸೇರಿ ಬೆಲೆ ಇಳಿಯುವುದು ಬೇರೆಯ ನಷ್ಟ. ನಾಲ್ಕಾರು ಊರುಗಳಲ್ಲಿ ಸಾಮೂಹಿಕ ಕಣಗಳನ್ನು ಮಾಡಿಸುವುದು ಮುಖಂಡರ ಕೈಯಲ್ಲಿರುವ ಒಳ್ಳೆಯ ಕಾರ್ಯ.

ಟ್ರಾಕ್ಟರಿನ ವಿಷಯದಲ್ಲಿ ಇನ್ನೊಂದು ಮಾತು. ಟ್ರೇಲರಿನಲ್ಲಿಯೂ ಮಡ್ಗಾರ್ಡಿನ ಮೇಲೆಯೂ ಆಳುಗಳನ್ನು ಕೂರಿಸಿಕೊಂಡು ಹೋಗುವುದು ರೂಢಿಯಲ್ಲಿದೆ. ಬೇಸಾಯದ ಉಪಯೋಗಕ್ಕೆಂದು ಮಾಡಿಸಿದ ವಿಮೆಯಲ್ಲಿ ಈ ಪ್ರಯಾಣಿಕರು ಸೇರಿಲ್ಲವೆಂದು ವಿಮಾ ಕಂಪನಿಯು ವಾದಿಸಿದರೆ, ಪರಿಹಾರದ ಭಾರವೆಲ್ಲ ಮಾಲೀಕನ ಮೇಲೆಯೇ ಬೀಳಬಹುದು. ರಸ್ತೆಯಲ್ಲಿ ವಾಹನದಿಂದ ಗಾಯಗೊಂಡವರು ಮೋಟಾರು ಅಪಘಾತದ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. 2022ನೆಯ ಏಪ್ರಿಲ್ 1ರಿಂದ ಈ ಅರ್ಜಿಗೆ ಆರು ತಿಂಗಳ ಅವಧಿಯನ್ನು ಕಾಯಿದೆಯಲ್ಲಿ ಇಡಲಾಗಿದೆ. ತಪ್ಪು ಯಾರದೆಂದು ರುಜುವಾತು ಮಾಡದೆಯೇ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2½ ಲಕ್ಷ ರೂಪಾಯಿಗಳನ್ನು ಕೇಳುವ ದಾರಿಯೂ ಆ ಕಾಯಿದೆಯಲ್ಲಿದೆ.

8. ವಿಮೆ ಮತ್ತು ನೆರವು

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರು ಬ್ಯಾಂಕು ಅಥವಾ ಅಂಚೆ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿ ಕಟ್ಟಿ ಸೇರಬಹುದು. ಅಪಘಾತದ ಮರಣಕ್ಕೆ 2 ಲಕ್ಷ, ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣಿನ ಪೂರ್ಣ ನಷ್ಟಕ್ಕೆ 1 ಲಕ್ಷ ರೂಪಾಯಿ ದೊರೆಯುತ್ತದೆ. ಸುಗ್ಗಿಗೆ ಮುಂಚೆ ತನ್ನ ಆಳುಗಳೆಲ್ಲರನ್ನೂ ಇದಕ್ಕೆ ಸೇರಿಸುವ ಜಮೀನುದಾರನಿಗೆ ಆಗುವ ಖರ್ಚು ಒಂದು ಹೊತ್ತಿನ ಕಾಫಿ ತಿಂಡಿಗಿಂತ ಹೆಚ್ಚಲ್ಲ. ಆದರೆ ಇದು ಮಾಲೀಕನ ಹೊಣೆಯನ್ನು ತೀರಿಸುವುದಿಲ್ಲ. ಅದಕ್ಕಾಗಿ ಆಳುಗಳ ಪರಿಹಾರದ ವಿಮೆಯನ್ನು ವಿಮಾ ಕಂಪನಿಗಳಲ್ಲಿ ಬೇರೆಯಾಗಿ ಮಾಡಿಸಬೇಕು.

ವಕೀಲರಿಗೆ ಹಣ ಕೊಡಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಅಲ್ಪ ಆದಾಯದವರು ಉಚಿತ ನೆರವಿಗೆ ಅರ್ಹರು. 15100 ಸಂಖ್ಯೆಗೆ ಖರ್ಚಿಲ್ಲದೆ ಕರೆ ಮಾಡಿ ವಿಚಾರಿಸಬಹುದು. 1923ರ ಕಾಯಿದೆಯಲ್ಲಿ ಪರಿಹಾರದ ಅರ್ಜಿಗೆ ಎರಡು ವರ್ಷಗಳ ಅವಧಿ ಇದ್ದಿತು. ಆ ಮಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಸುಗ್ಗಿ ಕಳೆಯುವುದರೊಳಗಾಗಿಯೇ ಅರ್ಜಿ ಸಲ್ಲಿಸುವುದು ಲೇಸು.

9. ಮುಖಂಡರ ಕರ್ತವ್ಯ

ಅಪಘಾತವಾದ ದಿನವೇ ಒಂದು ಕಾಗದದ ಮೇಲೆ ತಾರೀಖು, ವೇಳೆ, ಸ್ಥಳ, ಯಂತ್ರದ ವಿವರ, ಅದರ ಮಾಲೀಕನ ಹೆಸರು, ಗಾಯಾಳುವಿನ ವಯಸ್ಸು ಮತ್ತು ಕೂಲಿ, ನೋಡಿದವರ ಹೆಸರುಗಳನ್ನು ಬರೆದಿಡಿಸಬೇಕು. ಯಂತ್ರವನ್ನು ಇದ್ದಂತೆಯೇ ಚಿತ್ರ ತೆಗೆಸಬೇಕು. ಮಾಲೀಕನಿಗೆ ಲಿಖಿತ ನೋಟೀಸು ತಲುಪುವಂತೆ ನೋಡಿಕೊಳ್ಳಬೇಕು. ಗಾಯಾಳುವಿನ ಮನೆಯವರನ್ನು ಕಾನೂನು ಸೇವಾ ಸಮಿತಿಗೆ ಕಳುಹಿಸಬೇಕು. ಇಷ್ಟನ್ನು ಮಾಡಿದ ಮುಖಂಡನು ಯಾರ ಪಕ್ಷವನ್ನೂ ವಹಿಸಿದಂತಾಗುವುದಿಲ್ಲ, ಸತ್ಯವನ್ನು ಕಾಪಾಡಿದಂತಾಗುತ್ತದೆ.

ಎಲ್ಲಕ್ಕಿಂತ ಮೇಲಾದುದು ಅಪಘಾತವಾಗದಂತೆ ನೋಡಿಕೊಳ್ಳುವುದು. ಲಕ್ಷಗಟ್ಟಲೆ ಹಣ ಬಂದರೂ ಹೋದ ಹಸ್ತವು ಮತ್ತೆ ಚಿಗುರದು. ಕಣದ ರಾಶಿಗೆ ಪೂಜೆ ಮಾಡುವ ಯಜಮಾನನು ಅದಕ್ಕೆ ಮುಂಚೆ ಯಂತ್ರದ ಬಾಯಿಯ ಮೇಲೆ ಒಂದು ಮೊಳದ ಮುಚ್ಚಳವಿದೆಯೇ ಎಂದು ತನ್ನ ಕೈಯಿಂದಲೇ ಅಳೆದು ನೋಡತಕ್ಕದ್ದು.